ಹಳೆ ಹೆದ್ದಾರಿ 234: ನಾಲ್ಕು ನಂಬರಾಗಿ ಒಡೆದ ಮಂಗಳೂರು–ವಿಲ್ಲುಪುರಂ ರಸ್ತೆಯ ವಿಮರ್ಶೆ

ಪೂರ್ತಿ ಉದ್ದಕ್ಕೆ ಓಡಿಸುವುದಾದರೆ ಈ ರಸ್ತೆಯನ್ನು ಯಾರಿಗೂ ಶಿಫಾರಸು ಮಾಡಲಾಗದು. ತುಂಡು ತುಂಡಾಗಿ ಬಳಸುವುದಾದರೆ, ಬೆಂಗಳೂರಿನ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳದೆ ಮಲೆನಾಡಿನಿಂದ ಬಯಲುಸೀಮೆಯ ಪೂರ್ವ ತುದಿಗೆ ಹೋಗಲು ಇದಕ್ಕಿಂತ ಒಳ್ಳೆಯ ದಾರಿ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಆದರೆ ದಾರಿ ತಪ್ಪದೆ ಹೋಗಬೇಕಾದರೆ ಇದರ ನಂಬರಿನ ಚರಿತ್ರೆ ಗೊತ್ತಿರಬೇಕು. ಬೋರ್ಡು ಒಂದು ಹೇಳುತ್ತದೆ, ಹಳೆ ಕಲ್ಲು ಇನ್ನೊಂದು ಹೇಳುತ್ತದೆ, ಟೆಂಡರ್ ಕಾಗದ ಮತ್ತೊಂದು ಹೇಳುತ್ತದೆ. ಹಾಗಾಗಿ ಇಲ್ಲಿ ರಸ್ತೆಯ ಜೊತೆಗೆ ಅದರ ನಂಬರನ್ನೂ ವಿಮರ್ಶೆಗೆ ತೆಗೆದುಕೊಂಡಿದ್ದೇವೆ.

ರಾಷ್ಟ್ರೀಯ ಹೆದ್ದಾರಿ 234 ಅಂದರೆ ಮಂಗಳೂರಿನಿಂದ ತಮಿಳುನಾಡಿನ ವಿಲ್ಲುಪುರಂವರೆಗೆ ಸುಮಾರು 780 ಕಿ.ಮೀ. ಬೆಳ್ತಂಗಡಿ, ಚಾರ್ಮಾಡಿ, ಮೂಡಿಗೆರೆ, ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ, ಹುಳಿಯಾರು, ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು. ಅಲ್ಲಿಂದ ಆಂಧ್ರದ ವೆಂಕಟಗಿರಿಕೋಟೆ. ಆಮೇಲೆ ಪೇರ್ಣಂಬಟ್ಟು, ಗುಡಿಯಾತ್ತಂ, ಕಾಟ್ಪಾಡಿ, ವೆಲ್ಲೂರು, ಪೋಳೂರು, ತಿರುವಣ್ಣಾಮಲೈ, ಕೊನೆಗೆ ವಿಲ್ಲುಪುರಂ. ಮೂರರಲ್ಲಿ ಎರಡು ಭಾಗದಷ್ಟು ರಸ್ತೆ ಕರ್ನಾಟಕದಲ್ಲೇ ಇದೆ. ಅರಬ್ಬೀ ಕಡಲಿನ ದಡದಿಂದ ಹೊರಟು ಬಂಗಾಳ ಕೊಲ್ಲಿಯ ಹತ್ತಿರದವರೆಗೆ, ಬೆಂಗಳೂರನ್ನು ಮುಟ್ಟದೆ, ಉತ್ತರದಿಂದ ಬಳಸಿಕೊಂಡು ಹೋಗುವ ರೇಖೆ ಇದು. 2000ದ ದಶಕದಲ್ಲಿ ಹಳೆಯ ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆಗಳನ್ನು ಪೋಣಿಸಿ ಈ ನಂಬರು ಕೊಟ್ಟರು. ನಂಬರಿಗೆ ಸಿಕ್ಕಿದ ಆಯಸ್ಸು ಹತ್ತು ವರ್ಷವೂ ಇಲ್ಲ. 2010ರ ಮಾರ್ಚ್ 5ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ದೇಶದ ಎಲ್ಲ ರಾಷ್ಟ್ರೀಯ ಹೆದ್ದಾರಿಗಳ ನಂಬರುಗಳನ್ನೂ ಹೊಸದಾಗಿ ಜೋಡಿಸಿತು. 234 ಅಂದೇ ನಾಲ್ಕು ಪಾಲಾಯಿತು: ಮಂಗಳೂರು–ಬಾಣಾವರ 73ಕ್ಕೆ, ಬಾಣಾವರ–ಮುಳಬಾಗಿಲು 69ಕ್ಕೆ, ಮುಳಬಾಗಿಲು–ವೆಲ್ಲೂರು 75ಕ್ಕೆ, ವೆಲ್ಲೂರು–ವಿಲ್ಲುಪುರಂ 38ಕ್ಕೆ.

ಹೀಗೆ ಒಡೆದದ್ದಕ್ಕೆ ಕಾರಣವಿದೆ, ಆ ಕಾರಣ ಸರಿಯಾಗಿಯೂ ಇದೆ. ಹಳೆ ಪದ್ಧತಿಯಲ್ಲಿ ನಂಬರು ನೋಡಿ ರಸ್ತೆ ಯಾವ ದಿಕ್ಕಿನದು, ದೇಶದ ಯಾವ ಮೂಲೆಯದು ಎಂದು ಹೇಳಲು ಆಗುತ್ತಿರಲಿಲ್ಲ. ಹೊಸ ಪದ್ಧತಿಯಲ್ಲಿ ಉತ್ತರ–ದಕ್ಷಿಣ ಹೋಗುವ ರಸ್ತೆಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಏರುತ್ತದೆ. ಪೂರ್ವ–ಪಶ್ಚಿಮ ಹೋಗುವ ರಸ್ತೆಗೆ ಬೆಸಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಏರುತ್ತದೆ. ಮೂರಂಕಿ ಇದ್ದರೆ ಅದು ಕವಲು ರಸ್ತೆ. ಕೊನೆಯ ಎರಡು ಅಂಕಿ ತಾಯಿ ರಸ್ತೆಯದು. ಮೂಡಿಗೆರೆಯಿಂದ ಚಿಕ್ಕಮಗಳೂರಿನ ಕಡೆಗೆ ಕವಲೊಡೆಯುವುದು 173, ಬೇಲೂರಿನಿಂದ ಹಾಸನದ ಮೇಲೆ ಬಿಳಿಕೆರೆಗೆ ಇಳಿಯುವುದು 373. ಎರಡಕ್ಕೂ ತಾಯಿ 73. ಬೆಂಗಳೂರು–ಮೈಸೂರು–ಮಡಿಕೇರಿ–ಬಂಟ್ವಾಳ ರಸ್ತೆಗೆ 275 ಅಂತ ಇರುವುದು ಅದು 75ರ ಕವಲು ಎಂಬ ಲೆಕ್ಕದಲ್ಲಿ. ಮೈಸೂರು–ಗುಂಡ್ಲುಪೇಟೆ–ಕೋಝಿಕ್ಕೋಡ್ ರಸ್ತೆಯ 766 ಕರಾವಳಿಯ 66ರ ಕವಲು. ಒಮ್ಮೆ ಈ ಸೂತ್ರ ತಲೆಗೆ ಹೋದರೆ, ಕಂಡರಿಯದ ಊರಿನಲ್ಲೂ ಬೋರ್ಡು ನೋಡಿ ಇದು ಯಾವ ದೊಡ್ಡ ರಸ್ತೆಗೆ ಹೋಗಿ ಸೇರುತ್ತದೆ ಅಂತ ಹೇಳಬಹುದು. ಲಾರಿ ಓಡಿಸುವವರಿಗೆ ಇದು ನಿಜವಾಗಿ ಕೆಲಸಕ್ಕೆ ಬರುವ ವಿದ್ಯೆ.

ಈ ಸೂತ್ರಕ್ಕೆ 234ನ್ನು ಹಿಡಿದು ನೋಡಿ. ಮಂಗಳೂರಿನಿಂದ ವೆಲ್ಲೂರಿನವರೆಗೆ ಅದು ಪಡುವಣ–ಮೂಡಣ ರಸ್ತೆ. ವೆಲ್ಲೂರಿನಿಂದ ತೆಂಕಣಕ್ಕೆ ತಿರುಗುತ್ತದೆ. ಎರಡು ದಿಕ್ಕಿನ ರಸ್ತೆಗೆ ಒಂದೇ ನಂಬರು ಹೊಸ ಪದ್ಧತಿಯಲ್ಲಿ ನಿಲ್ಲುವುದಿಲ್ಲ. ವೆಲ್ಲೂರು–ವಿಲ್ಲುಪುರಂ ಭಾಗ ತಿರುಚಿರಾಪಳ್ಳಿ, ಮಧುರೆಗೆ ಹೋಗುವ 38ಕ್ಕೆ ಸೇರಿದ್ದು ಅದಕ್ಕೇ. ಇನ್ನು 234 ಎಂಬ ಸಂಖ್ಯೆಯೇ ನಮ್ಮ ಕಡೆ ಉಳಿಯುವಂತಿರಲಿಲ್ಲ. ಹೊಸ ಲೆಕ್ಕದಲ್ಲಿ 234 ಅಂದರೆ 34ರ ಕವಲು. 34 ಇರುವುದು ಉತ್ತರಾಖಂಡ, ಉತ್ತರ ಪ್ರದೇಶ, ಮಧ್ಯಪ್ರದೇಶದಲ್ಲಿ.

ನಮ್ಮ ಹಳೆ ನಂಬರುಗಳೆಲ್ಲ ಹೀಗೇ ದೂರದೂರಕ್ಕೆ ಹೋದವು. ಪಿ.ಬಿ. (ಪುಣೆ–ಬೆಂಗಳೂರು) ರೋಡಿನ 4 ಈಗ ಅಂಡಮಾನಿನಲ್ಲಿದೆ. ಚಿಕ್ಕಬಳ್ಳಾಪುರದ ಮೇಲೆ ಹೋಗುತ್ತಿದ್ದ 7 ಪಂಜಾಬಿನಿಂದ ಬದರೀನಾಥದ ಕಡೆಗೆ ಹತ್ತುತ್ತದೆ. ಕರಾವಳಿಯ 17 ಅಸ್ಸಾಮಿಗೆ ಹೋಯಿತು, ಸೊಲ್ಲಾಪುರ–ಮಂಗಳೂರು ರಸ್ತೆಯ 13 ಅರುಣಾಚಲಕ್ಕೆ ಹೋಯಿತು. ಇವು ದೂರ ಹೋದ್ದರಿಂದ ಗೊಂದಲ ಕಡಿಮೆ; ಹಾಸನದಲ್ಲಿ ನಿಂತು ಅಂಡಮಾನಿನ ರಸ್ತೆಯನ್ನು ಯಾರೂ ಕೇಳುವುದಿಲ್ಲ. ಪೆಟ್ಟು ಬಿದ್ದದ್ದು 48ರಿಂದ. ನೆಲಮಂಗಲದಲ್ಲಿ ಕವಲೊಡೆದು ಹಾಸನ, ಶಿರಾಡಿ ಮೇಲೆ ಮಂಗಳೂರಿಗೆ ಹೋಗುವ ರಸ್ತೆಗೆ ದಶಕಗಳ ಕಾಲ 48 ಅಂತಲೇ ಹೆಸರಿತ್ತು. ಹೊಸ ಪದ್ಧತಿಯಲ್ಲಿ ಅದೇ 48 ಪಕ್ಕದ ತುಮಕೂರು–ಹುಬ್ಬಳ್ಳಿ ರಸ್ತೆಗೆ ಬಂತು. ಮಂಗಳೂರು ರಸ್ತೆ 75 ಆಯಿತು. ಅಂದರೆ ನೆಲಮಂಗಲದ ಒಂದೇ ಕೂಡುರಸ್ತೆಯಲ್ಲಿ ‘48 ಹಿಡಿದು ಹೋಗಿ’ ಎನ್ನುವ ಮಾತಿಗೆ 2010ಕ್ಕೆ ಮುಂಚೆ ಒಂದು ಅರ್ಥ, ಆಮೇಲೆ ಇನ್ನೊಂದು. ಹಳೆ ನಕ್ಷೆ, ಹಳೆ ಲೇಖನ, ಹಳೆ ವಿಳಾಸ ಇಟ್ಟುಕೊಂಡು ಹೊರಡುವವರು ಮೊದಲು ಅದು ಯಾವ ವರ್ಷದ್ದು ಅಂತ ನೋಡಿಕೊಳ್ಳಬೇಕು.

ಈಗ ರಸ್ತೆಗೆ ಬರೋಣ, ಮಂಗಳೂರಿನ ತುದಿಯಿಂದ.

ಪಂಪ್‌ವೆಲ್‌ನಲ್ಲಿ 66ನ್ನು ಬಿಟ್ಟು ಪಡೀಲ್ ಮೇಲೆ ಬಿ.ಸಿ. ರೋಡಿಗೆ (ಬಂಟ್ವಾಳ ಕ್ರಾಸ್) ಸುಮಾರು 25 ಕಿ.ಮೀ. ಇದು ಅಧಿಸೂಚನೆಯ ಪ್ರಕಾರ 73. ಜನ, ಪತ್ರಿಕೆ ಎಲ್ಲರ ಬಾಯಲ್ಲೂ 75. ಬೆಂಗಳೂರಿನ ವಾಹನಗಳೆಲ್ಲ ಇದರ ಮೇಲೆಯೇ ಹೋಗುವುದರಿಂದ ಹಾಗೆ ಕರೆಯುವುದು ಸಹಜ. 75 ಶುರುವಾಗುವುದು ಮಾತ್ರ ಬಂಟ್ವಾಳದ ಹತ್ತಿರ. ನಾಲ್ಕು ಪಥ, ಬ್ರಹ್ಮರಕೂಟ್ಲುವಿನಲ್ಲಿ ಟೋಲ್. ಬಿ.ಸಿ. ರೋಡಿನಲ್ಲಿ ಬೆಳ್ತಂಗಡಿಗೆ ಎಡಕ್ಕೆ ತಿರುಗಬೇಕು. ಬೆಂಗಳೂರು ಕಡೆಯ ಓಟದ ಭರದಲ್ಲಿ ಈ ತಿರುವು ತಪ್ಪಿದರೆ ಮಾಣಿಯವರೆಗೆ ಹೋಗಿಬಿಡುತ್ತೀರಿ.

ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆಯವರೆಗೆ ರಸ್ತೆ ಮೊದಲೇ ಅಗಲವಾಗಿದೆ. ಪುಂಜಾಲಕಟ್ಟೆಯಿಂದ ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿಯವರೆಗಿನ ಅಗಲೀಕರಣವನ್ನು ಆಮೇಲೆ ಕೈಗೆತ್ತಿಕೊಂಡರು. ಕರಾವಳಿಯಲ್ಲಿ ರಸ್ತೆ ಕೆಲಸ ಅಂದರೆ ಒಂದು ಮಾತು ನೆನಪಿರಬೇಕು: ಜೂನ್‌ಗೆ ಮುಂಚೆ ಗುಡ್ಡ ಕಡಿದು, ಚರಂಡಿ ಮಾಡದೆ ಬಿಟ್ಟರೆ ಮೊದಲ ಮಳೆಗೇ ಆ ಕೆಂಪುಮಣ್ಣು ರಸ್ತೆಗೆ ಇಳಿಯುತ್ತದೆ. ಜಂಬಿಟ್ಟಿಗೆಯ ಮಣ್ಣು ಒಣಗಿರುವಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದ ಮೇಲೆ ಅಡಿಯ ಜೇಡಿಪದರ ಜಾರುತ್ತದೆ, ಮೇಲಿನ ಭಾರವೆಲ್ಲ ಒಟ್ಟಿಗೆ ಕೆಳಗೆ ಬರುತ್ತದೆ. ಹೊಸದಾಗಿ ಕಡಿದ ದರೆಯ ಪಕ್ಕ ಮಳೆಯಲ್ಲಿ ಗಾಡಿ ನಿಲ್ಲಿಸಬೇಡಿ. ಫೋನ್ ಬಂದರೂ ಮುಂದೆ ಹೋಗಿ ಬಯಲಲ್ಲಿ ನಿಲ್ಲಿಸಿ.

ಉಜಿರೆ ಈ ಭಾಗದ ಮುಖ್ಯ ನಿಲುಗಡೆ. ಧರ್ಮಸ್ಥಳಕ್ಕೆ ಇಲ್ಲೇ ಬಲಕ್ಕೆ ತಿರುಗುವುದು. ಪೆಟ್ರೋಲ್, ಟಯರಿನ ಗಾಳಿ, ವೈಪರ್ ಎಲ್ಲವನ್ನೂ ಇಲ್ಲೇ ನೋಡಿಕೊಳ್ಳಿ. ಮುಂಡಾಜೆ, ಕಕ್ಕಿಂಜೆ, ಚಾರ್ಮಾಡಿ ದಾಟಿದರೆ ಕೊಟ್ಟಿಗೆಹಾರದವರೆಗೆ ಘಾಟಿ, ಮೊಬೈಲ್ ಸಿಗ್ನಲ್ ಕೈಕೊಡುವ ಜಾಗ.

ಚಾರ್ಮಾಡಿ ಘಾಟಿ ಈ 780 ಕಿ.ಮೀ.ಯ ಅತ್ಯಂತ ಚಂದದ ಮತ್ತು ಅತ್ಯಂತ ದುರ್ಬಲ ತುಂಡು. ಹನ್ನೊಂದು ಹಿಮ್ಮುರಿ ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಮಳೆಗಾಲದಲ್ಲಿ ಹೆಜ್ಜೆ ಹೆಜ್ಜೆಗೂ ಅಬ್ಬಿ. ಶಿರಾಡಿ ಘಾಟಿಯನ್ನು ಕಾಂಕ್ರೀಟ್ ಹಾಕಲು 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಮುಚ್ಚಿದಾಗ ಕರಾವಳಿ–ಬೆಂಗಳೂರು ಓಡಾಟದ ಒತ್ತಡವನ್ನು ಹೊತ್ತುಕೊಂಡ ದಾರಿಗಳಲ್ಲಿ ಇದೂ ಒಂದು. 2019ರ ಆಗಸ್ಟ್ ಮಳೆಗೆ ಇದೇ ಘಾಟಿ ಹಲವು ಕಡೆ ಜರಿಯಿತು. ಓಡಾಟ ತಿಂಗಳುಗಟ್ಟಲೆ ನಿಂತಿತು. ಮತ್ತೆ ತೆರೆದಾಗ ಮೊದಲು ಲಘು ವಾಹನಕ್ಕೆ ಮಾತ್ರ ಬಿಟ್ಟರು, ಭಾರಿ ವಾಹನಕ್ಕೆ ನಿರ್ಬಂಧ ಮುಂದುವರಿಸಿದರು. ಈ ನಿರ್ಬಂಧಗಳು ಮಳೆ ನೋಡಿಕೊಂಡು ಬದಲಾಗುತ್ತವೆ. ಘಾಟಿಯ ಕೆಳಗು ದಕ್ಷಿಣ ಕನ್ನಡದ್ದು, ಮೇಲು ಚಿಕ್ಕಮಗಳೂರಿನದು. ಆದೇಶ ಹೊರಡಿಸುವುದು ಎರಡೂ ಜಿಲ್ಲಾಡಳಿತ. ಹೊರಡುವ ದಿನ ಬೆಳಿಗ್ಗೆ ಎರಡೂ ಜಿಲ್ಲೆಯ ಸುದ್ದಿ ನೋಡಿ. ಒಂದೇ ಕಡೆಯದು ನೋಡಿ ಹೊರಟರೆ ಇನ್ನೊಂದು ತುದಿಯ ಗೇಟಿನಲ್ಲಿ ವಾಪಸ್ ಕಳಿಸುತ್ತಾರೆ.

ಓಡಿಸುವ ಕ್ರಮವೂ ಇದೆ. ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು. ನಿಯಮವೂ ಅದೇ, ಕಾರಣವೂ ಇದೆ. ತಿರುವಿನ ನಡುವೆ ನಿಂತ ಗಾಡಿ ಮತ್ತೆ ಎತ್ತುವಾಗ ಹಿಂದಕ್ಕೆ ಸರಿಯುತ್ತದೆ. ಇಳಿಯುವಾಗ ಎರಡನೇ ಗೇರಿನಲ್ಲಿಟ್ಟು ಇಂಜಿನ್ನೇ ತಡೆ ಹಿಡಿಯುವ ಹಾಗೆ ಬಿಡಿ. ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡು ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಹಿಡಿತ ಸಿಗುವುದಿಲ್ಲ. ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಆರಲು ಬಿಡಿ; ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ, ಸೊಟ್ಟಗಾಗುತ್ತದೆ. ಆಟೋಮ್ಯಾಟಿಕ್ ಗಾಡಿಯಾದರೆ ‘ಡಿ’ಯಲ್ಲಿ ಬಿಡದೆ ಕೆಳಗಿನ ಗೇರಿಗೆ ಇಳಿಸಿಕೊಳ್ಳಿ. ಮಂಜು ಕವಿದಾಗ ಲೈಟು ಡಿಮ್ಮಿನಲ್ಲಿರಲಿ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವ ಅಭ್ಯಾಸ ಘಾಟಿಯಲ್ಲಿ ಅಪಾಯ. ನೀವು ನಿಂತಿದ್ದೀರೋ, ತಿರುಗುತ್ತೀರೋ ಹಿಂದಿನವನಿಗೆ ಗೊತ್ತಾಗುವುದಿಲ್ಲ. ಅಬ್ಬಿ ಕಂಡಲ್ಲೆಲ್ಲ ತಿರುವಿನಲ್ಲೇ ಗಾಡಿ ನಿಲ್ಲಿಸಿ ಫೋಟೋ ತೆಗೆಯುವವರಿಂದ ಈ ಘಾಟಿಗೆ ಮಳೆಗಿಂತ ಹೆಚ್ಚು ತೊಂದರೆ. ದಯವಿಟ್ಟು ಮಾಡಬೇಡಿ.

ಮೇಲೆ ಹತ್ತಿದರೆ ಕೊಟ್ಟಿಗೆಹಾರ. ನೀರುದೋಸೆಗೆ ಹೆಸರಾದ ಊರು. ಹೆಸರಿಗೆ ತಕ್ಕ ಹಾಗೆ ಬಿಸಿಬಿಸಿಯಾಗಿ, ತೆಳ್ಳಗೆ ಸಿಗುತ್ತದೆ. ಬಣಕಲ್, ಮೂಡಿಗೆರೆ, ಆಮೇಲೆ ಕಾಫಿತೋಟದ ನೆರಳು ತೆಳುವಾಗುತ್ತ ಬೇಲೂರು. ಬೇಲೂರಿನಿಂದ ಹಳೇಬೀಡಿಗೆ 16 ಕಿ.ಮೀ. ಮಂಗಳೂರಿನಿಂದ ಹೊಯ್ಸಳರ ಎರಡೂ ಊರಿಗೆ ಬರುವವರಿಗೆ 73ಕ್ಕಿಂತ ನೇರವಾದ ದಾರಿ ಇಲ್ಲ. ಬೇಲೂರು ಪೇಟೆಯೊಳಗೆ ಪ್ರವಾಸಿ ಬಸ್ಸುಗಳ ಇಕ್ಕಟ್ಟಿದೆ. ವಾರದ ಕೊನೆಯಲ್ಲಿ ಬೆಳಿಗ್ಗೆ ಒಂಬತ್ತರ ಒಳಗೆ ದಾಟಿದರೆ ಸಲೀಸು. ಜಾವಗಲ್ ಕಡೆಗೆ ಬಂದಂತೆ ಮಲೆನಾಡು ಮುಗಿದು ತೆಂಗು ಶುರುವಾಗುತ್ತದೆ.

ಬಾಣಾವರದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಈ ವಿಮರ್ಶೆಯ ಮುಖ್ಯ ತಕರಾರು ಇರುವುದು ಇಲ್ಲೇ.

ಇಲ್ಲಿ ನಾಲ್ಕು ದಿಕ್ಕಿನ ರಸ್ತೆಗಳು ಕೂಡುತ್ತವೆ. ನೈಋತ್ಯದಿಂದ ಜಾವಗಲ್ ರಸ್ತೆ, ಪೂರ್ವಕ್ಕೆ ಹುಳಿಯಾರು ರಸ್ತೆ, ವಾಯವ್ಯದಿಂದ ಕಡೂರು ರಸ್ತೆ, ಆಗ್ನೇಯಕ್ಕೆ ಅರಸೀಕೆರೆ ರಸ್ತೆ. 2010ಕ್ಕೆ ಮುಂಚೆ ಎರಡು ಹೆದ್ದಾರಿ ಇಲ್ಲಿ ಕತ್ತರಿಯ ಹಾಗೆ ದಾಟುತ್ತಿದ್ದವು: ಜಾವಗಲ್‌ನಿಂದ ಹುಳಿಯಾರಿಗೆ 234, ಕಡೂರಿನಿಂದ ಅರಸೀಕೆರೆಗೆ 206. ಎರಡೂ ತಮ್ಮ ತಮ್ಮ ದಾರಿಯಲ್ಲಿ ನೆಟ್ಟಗೆ ಹೋಗುತ್ತಿದ್ದವು. ಹೊಸ ಜೋಡಣೆಯಲ್ಲಿ ಎರಡೂ ಮುರಿದವು. ಜಾವಗಲ್‌ನಿಂದ ಬರುವ 73 ಅರಸೀಕೆರೆ, ತಿಪಟೂರು, ತುಮಕೂರಿನ ಕಡೆ ತಿರುಗಿತು. ಹೊನ್ನಾವರ, ಸಾಗರ, ಶಿವಮೊಗ್ಗ, ಕಡೂರಿನಿಂದ ಇಳಿದು ಬರುವ 69 ಹುಳಿಯಾರಿನ ಕಡೆ ತಿರುಗಿತು. ನಕ್ಷೆಯಲ್ಲಿ ಇದಕ್ಕೆ ತರ್ಕವಿದೆ. ಮಂಗಳೂರಿನಿಂದ ತುಮಕೂರಿಗೆ ಒಂದು ಬೆಸಸಂಖ್ಯೆ, ಅದರ ಉತ್ತರಕ್ಕೆ ಹೊನ್ನಾವರದಿಂದ ಚಿತ್ತೂರಿಗೆ ಇನ್ನೊಂದು ಬೆಸಸಂಖ್ಯೆ. ಎರಡೂ ಪಡುವಣದಿಂದ ಮೂಡಣಕ್ಕೆ, ಉತ್ತರದ್ದು ಚಿಕ್ಕ ಸಂಖ್ಯೆ, ದಕ್ಷಿಣದ್ದು ದೊಡ್ಡದು.

ಆದರೆ ಗಾಡಿಗಳು ಹಾಗೆ ಹೋಗುವುದಿಲ್ಲ. ಬಾಣಾವರದಲ್ಲಿ ದಟ್ಟವಾಗಿ ಓಡುವುದು ಬೆಂಗಳೂರು–ತುಮಕೂರು–ಶಿವಮೊಗ್ಗದ ವಾಹನ. ಅದು ಹಳೆ 206. ಒಂದೇ ಓಟದ ಆ ದಾರಿ ಈಗ ತುಮಕೂರಿನಿಂದ ಬಾಣಾವರದವರೆಗೆ 73, ಅಲ್ಲಿಂದ ಶಿವಮೊಗ್ಗಕ್ಕೆ 69. ಶಿವಮೊಗ್ಗದಿಂದ 69ರ ಬೋರ್ಡನ್ನೇ ನಂಬಿಕೊಂಡು ಬೆಂಗಳೂರಿಗೆ ಹೊರಟವರು ಬಾಣಾವರದಲ್ಲಿ ಹುಳಿಯಾರಿನ ದಾರಿ ಹಿಡಿಯುತ್ತಾರೆ. ತುಮಕೂರು–ಶಿವಮೊಗ್ಗ ದಾರಿಯನ್ನು ನಾಲ್ಕು ಪಥ ಮಾಡುವ ಕಾಮಗಾರಿಯನ್ನು ಹೆದ್ದಾರಿ ಪ್ರಾಧಿಕಾರ ನಾಲ್ಕು ಪ್ಯಾಕೇಜಾಗಿ ಕೊಟ್ಟಿತು: ಮಲ್ಲಸಂದ್ರ–ಕರಡಿ, ಕರಡಿ–ಬಾಣಾವರ, ಬಾಣಾವರ–ಬೆಟ್ಟದಹಳ್ಳಿ, ಬೆಟ್ಟದಹಳ್ಳಿ–ಶಿವಮೊಗ್ಗ. ಆ ಕಾಗದಗಳಲ್ಲಿ ಬರೆದ ನಂಬರು 206. ತುಮಕೂರಿನಿಂದ ಎಣಿಸಿದ ಹಳೆ ಕಿ.ಮೀ. ಲೆಕ್ಕವೇ ಅದರಲ್ಲಿ ಮುಂದುವರಿದಿದೆ. ಹೊಸ ಪದ್ಧತಿಯ 206 ಇರುವುದು ಮೇಘಾಲಯದಲ್ಲಿ, ಡಾವ್ಕಿ ಗಡಿಯ ಕಡೆ. ಆದರೂ ಇಲ್ಲಿ 206 ಸಾಯಲಿಲ್ಲ, ಏಕೆಂದರೆ ಅದು ಜನರ ನಿಜವಾದ ಓಡಾಟಕ್ಕೆ ಕೊಟ್ಟ ಹೆಸರಾಗಿತ್ತು. 234 ಸತ್ತಿತು; ಮಂಗಳೂರಿನಿಂದ ವಿಲ್ಲುಪುರಂಗೆ ಹೋಗುವ ಲಾರಿ ಬೆಂಗಳೂರಿನ ಮೇಲೆಯೇ ಹೋಗುತ್ತಿತ್ತು. ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: 234ನ್ನು ಒಡೆದದ್ದು ಸರಿ, ಬಾಣಾವರದಲ್ಲಿ ತುಂಡುಗಳನ್ನು ಜೋಡಿಸಿದ ರೀತಿ ಸರಿಯಿಲ್ಲ. ತುಮಕೂರು–ಶಿವಮೊಗ್ಗ–ಹೊನ್ನಾವರ ಒಂದೇ ನಂಬರಿನಲ್ಲಿ ಉಳಿದು, ಬೇಲೂರಿನಿಂದ ಬರುವ ರಸ್ತೆ ಹುಳಿಯಾರಿಗೆ ನೆಟ್ಟಗೆ ಹೋಗಿದ್ದರೆ ಎರಡೂ ಬೆಸಸಂಖ್ಯೆಯಾಗಿಯೇ ಇರುತ್ತಿದ್ದವು, ದಾರಿಹೋಕರಿಗೂ ಅನುಕೂಲವಾಗುತ್ತಿತ್ತು.

ಕಲ್ಲು ಓದುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಗೆ ಹಸಿರು ತಲೆ. ಐದು ಕಿ.ಮೀ.ಗೊಂದು ದೊಡ್ಡ ಕಲ್ಲು, ನಡುವೆ ಚಿಕ್ಕವು, ಇನ್ನೂರು ಮೀಟರಿಗೊಂದು ಪುಟ್ಟ ಗೂಟ. ಹಳೆ 234ರ ಲೆಕ್ಕ ಮಂಗಳೂರಿನಿಂದ ಏರುತ್ತ ಬರುತ್ತಿತ್ತು. ಹಳೆ 206ರ ಲೆಕ್ಕ ತುಮಕೂರಿನಿಂದ ಏರುತ್ತ ಹೋಗುತ್ತಿತ್ತು. ಹಾಗಾಗಿ ಹಳೆ ಕಲ್ಲು ಉಳಿದಿರುವ ಕಡೆ, 73ರಲ್ಲಿ ಮಂಗಳೂರಿನಿಂದ ಬರುವವರಿಗೆ ಬಾಣಾವರದವರೆಗೆ ಸಂಖ್ಯೆ ಹೆಚ್ಚುತ್ತದೆ, ಬಾಣಾವರ ದಾಟಿದ ಮೇಲೆ ಇಳಿಯುತ್ತದೆ. ಒಂದೇ ಹೆದ್ದಾರಿಯಲ್ಲಿ ಒಂದೇ ಕಿ.ಮೀ. ಸಂಖ್ಯೆ ಎರಡು ಕಡೆ ಸಿಗಬಹುದು. ಅಪಘಾತವಾದಾಗ ಅಥವಾ ಗಾಡಿ ಕೆಟ್ಟಾಗ ಬರೀ ‘73ರಲ್ಲಿ ಇಷ್ಟನೇ ಕಿಲೋಮೀಟರ್’ ಅಂದರೆ ನೆರವು ತಪ್ಪು ಜಿಲ್ಲೆಗೆ ಹೋದೀತು.

ಬಾಣಾವರದಿಂದ ಮುಳಬಾಗಿಲಿನವರೆಗೆ 69. ನಮ್ಮ ಲೆಕ್ಕದಲ್ಲಿ ಈ ರಸ್ತೆಯ ಅತ್ಯಂತ ಬೆಲೆಬಾಳುವ, ಅತ್ಯಂತ ಕಡಿಮೆ ಮಾತಾಡಿಸಿಕೊಂಡ ಭಾಗ ಇದು. ಬೇಲೂರು, ಅರಸೀಕೆರೆ, ಕಡೂರು ಕಡೆಯವರು ಚಿಕ್ಕಬಳ್ಳಾಪುರಕ್ಕೋ ಚಿಂತಾಮಣಿಗೋ ಹೋಗಲು ನೆಲಮಂಗಲ, ಹೆಬ್ಬಾಳದ ಸಾಲಿನಲ್ಲಿ ನಿಲ್ಲುವ ಅಗತ್ಯವಿಲ್ಲ. ಹುಳಿಯಾರು ಕೊಬ್ಬರಿಯ ನಾಡು. ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರಗಳಿವೆ. 2019ರಲ್ಲಿ ಅದು ಚಿಂಕಾರ ವನ್ಯಧಾಮವಾಯಿತು. ರಾತ್ರಿ ಅಲ್ಲಿ ವೇಗ ಇಳಿಸಿ. ಶಿರಾದಲ್ಲಿ 48 ಅಡ್ಡ ಸಿಗುತ್ತದೆ; ಚಿತ್ರದುರ್ಗ–ತುಮಕೂರಿನ ವೇಗದ ಲಾರಿಗಳ ನಡುವೆ ಎರಡೇ ಪಥದ ರಸ್ತೆಯಿಂದ ಬಂದವರು ತಾಳ್ಮೆಯಿಂದ ದಾಟಬೇಕು. ಬಡವನಹಳ್ಳಿ ಮೇಲೆ ಮಧುಗಿರಿ, ಏಕಶಿಲಾ ಬೆಟ್ಟದ ಬುಡ. ಅಲ್ಲಿಂದ ಗೌರಿಬಿದನೂರು, ಮಂಚೇನಹಳ್ಳಿ, ಚಿಕ್ಕಬಳ್ಳಾಪುರ. ಇಲ್ಲಿ 44 (ಹಳೆ 7) ಅಡ್ಡ. ಶಿಡ್ಲಘಟ್ಟದಲ್ಲಿ ಬೆಳಗಿನ ಹೊತ್ತು ರೇಷ್ಮೆಗೂಡಿನ ಮಾರುಕಟ್ಟೆಯ ನೂಕು, ಶ್ರೀನಿವಾಸಪುರದಲ್ಲಿ ಬೇಸಿಗೆ ಕೊನೆಗೆ ಮಾವಿನ ಲಾರಿಗಳ ಸಾಲು. ಈ ಎರಡಕ್ಕೂ ಹೊತ್ತು ಇಟ್ಟುಕೊಳ್ಳಿ.

ಬಯಲಿನ ಈ ಭಾಗದಲ್ಲಿ ಗಂಟೆಗೆ 45–50 ಕಿ.ಮೀ. ಸರಾಸರಿ ಹಿಡಿದು ಹೊರಡಿ, ಘಾಟಿಗೆ 25. ಊರು ಬಂದಲ್ಲೆಲ್ಲ ಹಂಪು. ಬಣ್ಣ ಬಳಿಯದ ಹಂಪು ಸಂಜೆ ಹೊತ್ತು ಕಾಣುವುದೇ ಇಲ್ಲ. ಶಾಲೆ, ದೇವಸ್ಥಾನ, ಬಸ್‌ಸ್ಟ್ಯಾಂಡ್ ಕಂಡ ತಕ್ಷಣ ಹಂಪು ಇದೆ ಅಂತಲೇ ತಿಳಿದು ನಿಧಾನಿಸಿ.

ಸುಗ್ಗಿಯ ಹೊತ್ತಿಗೆ, ನವೆಂಬರಿನಿಂದ ಫೆಬ್ರವರಿಯವರೆಗೆ, ಇನ್ನೊಂದು ಎಚ್ಚರ ಬೇಕು. ಕಣ ಇಲ್ಲದ ರೈತರು ರಾಗಿ, ಹುರುಳಿಯನ್ನು ರಸ್ತೆಗೇ ಹರಡಿ ಒಕ್ಕುತ್ತಾರೆ. ರಾಗಿ ಹುಲ್ಲಿನ ಮೇಲೆ ಬೈಕ್ ಜಾರುತ್ತದೆ. ಹುರುಳಿ ಬಳ್ಳಿ ಅದಕ್ಕಿಂತ ಕೆಟ್ಟದ್ದು. ಆ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು ಹಗ್ಗದ ಹಾಗೆ ಬಿಗಿಯುತ್ತದೆ. ಒಂದು ಎಳೆ ಸೈಲೆನ್ಸರಿನ ಕೊಳವೆಗೆ ತಾಗಿದರೆ ಬಿಸಿಗೆ ಹೊತ್ತಿಕೊಳ್ಳುತ್ತದೆ. ಕಾರುಗಳು ಹೀಗೆ ಸುಟ್ಟು ಹೋದ ಪ್ರಸಂಗಗಳು ರಾಜ್ಯದಲ್ಲಿ ಆಗಿವೆ. ಪಕ್ಕದಲ್ಲಿ ಜಾಗವಿದ್ದರೆ ಬಳಸಿ ಹೋಗಿ. ಇಲ್ಲದಿದ್ದರೆ ನಿಲ್ಲಿಸಿ, ಸ್ವಲ್ಪ ಸರಿಸಿ ಅಂತ ಕೇಳಿ, ಸರಿಸುತ್ತಾರೆ. ಹತ್ತಿಸಿಯೇ ಹೋಗಬೇಕಾಗಿ ಬಂದರೆ ದಾಟಿದ ಕೂಡಲೇ ನಿಲ್ಲಿಸಿ, ಇಂಜಿನ್ ಆರಿಸಿ, ಬಗ್ಗಿ ಅಡಿ ನೋಡಿ. ಸಿಕ್ಕಿಕೊಂಡ ಬಳ್ಳಿಯನ್ನು ಎಳೆಯುವ ಬದಲು ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ಎಳೆದರೆ ಬ್ರೇಕಿನ ಪೈಪು, ಸೆನ್ಸರಿನ ವೈರು ಜೊತೆಗೆ ಬರುತ್ತದೆ.

ಮುಳಬಾಗಿಲಿನಲ್ಲಿ ದೋಸೆ ತಿಂದು ಮುಂದೆ ಹೊರಟರೆ ನಂಬರು ಮತ್ತೆ ಬದಲು. 69 ನಂಗಲಿ, ಪಲಮನೇರು ಮೇಲೆ ಚಿತ್ತೂರಿಗೆ ಹೋಗುತ್ತದೆ. ಅದು ಹಳೆ 4ರ ದಾರಿ. 234ರ ಹಾದಿ ಬೇಕಿದ್ದರೆ ವೆಂಕಟಗಿರಿಕೋಟೆಯ ಕಡೆ 75 ಹಿಡಿಯಬೇಕು. ಪೇರ್ಣಂಬಟ್ಟಿಗೆ ಇಳಿಯುವಾಗ ಇನ್ನೊಂದು ಚಿಕ್ಕ ಘಾಟಿ ಇದೆ. ಚಾರ್ಮಾಡಿಗೆ ಹೇಳಿದ ಗೇರಿನ ಮಾತು ಇಲ್ಲಿಗೂ ಸಲ್ಲುತ್ತದೆ. ಗುಡಿಯಾತ್ತಂ, ಕಾಟ್ಪಾಡಿ ದಾಟಿ ವೆಲ್ಲೂರು. ಕೋಲಾರ ಜಿಲ್ಲೆಯಿಂದ ತಿರುವಣ್ಣಾಮಲೈ ಗಿರಿಪ್ರದಕ್ಷಿಣೆಗೆ ಹೋಗುವವರಿಗೆ ವೆಲ್ಲೂರಿನಿಂದ ಪೋಳೂರು ಮೇಲೆ 38 ಅನುಕೂಲದ ದಾರಿ. ಹುಣ್ಣಿಮೆಯ ದಿನ ಮಾತ್ರ ಊರಿನ ಹೊರಗೇ ಗಾಡಿ ನಿಲ್ಲಿಸಿಬಿಡುತ್ತಾರೆ, ನಡೆಯುವ ಲೆಕ್ಕ ಹಾಕಿಕೊಂಡು ಹೋಗಿ. ತಿರುವಣ್ಣಾಮಲೈಯಿಂದ ವಿಲ್ಲುಪುರಂವರೆಗಿನ ಕೊನೆಯ ತುಂಡಿನ ಬಗ್ಗೆ ವಿಶೇಷವಾಗಿ ಹೇಳುವಂಥದ್ದಿಲ್ಲ.

ಮಂಗಳೂರಿನಿಂದ ಮುಳಬಾಗಿಲಿಗೇ ಹೋಗಬೇಕಾದವರು ಏನು ಮಾಡಬೇಕು? ಶಿರಾಡಿ, ಹಾಸನ, ಬೆಂಗಳೂರು, ಕೋಲಾರದ ಮೇಲೆ 75ರಲ್ಲೇ ಹೋಗಿ. ಹಳೆ 234ರ ಸುತ್ತು ಅದಕ್ಕಿಂತ 50 ಕಿ.ಮೀ.ಗೂ ಹೆಚ್ಚು, ಮೇಲಾಗಿ ಎರಡು ಪಥದ ರಸ್ತೆ. ಬೆಂಗಳೂರನ್ನು ರಾತ್ರಿ ಹೊತ್ತು ದಾಟುವ ಹಾಗೆ ಹೊರಟರೆ ಹೊತ್ತೂ ಉಳಿಯುತ್ತದೆ. 234ರ ದಾರಿ ಬೇಕಾಗುವುದು ಬೇಲೂರು–ಹಳೇಬೀಡು ನೋಡಿಕೊಂಡು ನಂದಿಬೆಟ್ಟದ ಕಡೆ ಹೋಗುವವರಿಗೆ, ಧರ್ಮಸ್ಥಳದಿಂದ ಮಧುಗಿರಿ, ಗೌರಿಬಿದನೂರಿನ ಊರಿಗೆ ಮರಳುವವರಿಗೆ, ತೆಂಗು, ರೇಷ್ಮೆ, ಟೊಮೆಟೊ ಸಾಗಿಸುವವರಿಗೆ.

ಕಾಗದಪತ್ರದ ಕೆಲಸ ಇರುವವರಿಗೆ ಒಂದು ಮಾತು. ಈ ರಸ್ತೆಯ ಪಕ್ಕದ ಜಮೀನಿಗೆ ಭೂಪರಿವರ್ತನೆ, ಪೆಟ್ರೋಲ್ ಬಂಕಿಗೆ ದಾರಿ ಬಿಡಿಸಿಕೊಳ್ಳುವ ಅನುಮತಿ, ಭೂಸ್ವಾಧೀನದ ಪರಿಹಾರ, ಅಪಘಾತದ ವಿಮೆ ಯಾವುದೇ ಇರಲಿ, ಅರ್ಜಿಯಲ್ಲಿ ಎರಡೂ ನಂಬರು ಬರೆಯಿರಿ: ‘ರಾ.ಹೆ. 69 (ಹಳೆ 234)’. ಹಳೆ ಕ್ರಯಪತ್ರದ ಚಕ್ಕುಬಂದಿಯಲ್ಲಿ 234 ಅಂತ ಇದ್ದು ಹೊಸ ನಕ್ಷೆಯಲ್ಲಿ 69 ಅಂತ ಇದ್ದರೆ, ಇವು ಎರಡು ಬೇರೆ ರಸ್ತೆಯೇ ಅಂತ ಕಡತ ವಾಪಸ್ ಬರುವುದುಂಟು. 2010ರ ಅಧಿಸೂಚನೆಯ ಪ್ರತಿಯೊಂದನ್ನು ಲಗತ್ತಿಸಿದರೆ ಆ ಪ್ರಶ್ನೆ ಏಳುವುದಿಲ್ಲ. ಬಾಣಾವರದಿಂದ ಅರಸೀಕೆರೆ, ತಿಪಟೂರಿನ ಕಡೆಯ ಜಮೀನಾದರೆ ಬ್ರಾಕೆಟಿನಲ್ಲಿ ಬರೆಯಬೇಕಾದ್ದು 206. ಅಲ್ಲಿ 234 ಬರೆದರೆ ತಪ್ಪಾಗುತ್ತದೆ.

ಗುಂಡಿ, ಮುರಿದ ತಡೆಗೋಡೆ, ಬಿದ್ದ ಮರದ ದೂರಿಗೆ ಹೆದ್ದಾರಿಯ ಸಹಾಯವಾಣಿ 1033, ಜೀವಕ್ಕೆ ಅಪಾಯವಿದ್ದರೆ 112. ಎರಡಕ್ಕೂ ಕರೆ ಮಾಡಿದಾಗ ಮೊದಲು ಜಿಲ್ಲೆ ಹೇಳಿ, ಆಮೇಲೆ ತಾಲ್ಲೂಕು, ಹಿಂದೆ ದಾಟಿದ ಊರು, ಮುಂದೆ ಬರುವ ಊರು. ಹೆದ್ದಾರಿಯ ನಂಬರು ಮತ್ತು ಕಲ್ಲಿನ ಮೇಲಿನ ಸಂಖ್ಯೆ ಕೊನೆಗೆ, ಕಲ್ಲಿನಲ್ಲಿ ಯಾವ ನಂಬರು ಬರೆದಿದೆಯೋ ಅದನ್ನೇ, 234 ಇದ್ದರೆ 234 ಅಂತಲೇ ಹೇಳಿ.